ಸಾಬಣ್ಣನ ಗಾಲಿಮನೆ

“ಮನಿ ಅಂದ್ರ ಹಾಲು ಉಕ್ಕಸಬೇಕು, ಗಾಡಿ ಅಂದ್ರ ಗಾಲಿಗೆ ಲಿಂಬಿಹಣ್ಣ ಇಡಬೇಕು. ಇದು ಯಾವುದು ಹೇಳು ಸಾಬಣ್ಣ. ಅರ್ಧಮರ್ಧ ಶಾಸ್ತ್ರ ನನ್ನ ಕೈಲಿ ಆಗಂಗಿಲ್ಲ.”

ಹೀಗೆ ಕೇಳಿದವಳು ಎದುರು ಮನೆಯ ಮಲ್ಲಾಬಾಯಿ. ರಂಗಂಪೇಟೆಯ ಆ ಓಣಿಯಲ್ಲಿ ಕೂಸಿಗೆ ಹೆಸರಿಡುವುದರಿಂದ ಹಿಡಿದು ಉಪ್ಪಿನಕಾಯಿ ಜಾಡಿ ತೆರೆಯುವ ದಿನದವರೆಗೆ ಅವಳದೇ ತೀರ್ಪು. ಆಗಿನ್ನೂ ಬೆಳಗಿನ ಆರೂವರೆ. ಸಾಬಣ್ಣ ಬೇವಿನ ಕಡ್ಡಿ ಕಚ್ಚಿಕೊಂಡು ತನ್ನ ಹಳದಿ ಮಿನಿಬಸ್ಸಿನ ಮೆಟ್ಟಿಲ ಮೇಲೆ ಕೂತಿದ್ದ. ಮನೆಯೋ ಗಾಡಿಯೋ ಎಂಬುದನ್ನು ಅವನೂ ಯೋಚಿಸಿರಲಿಲ್ಲ. ಎರಡೂ ಅಂದ. ಅಂದದ್ದೇ ತಪ್ಪಾಯಿತು.

ಸಾಬಣ್ಣ ಮೂವತ್ತೆರಡು ವರ್ಷ ಕಕ್ಕೇರಾ ಕಡೆ ಕಾಲುವೆಯ ಗೇಟು ಏರಿಸಿ ಇಳಿಸಿ ಹೋದ ವರ್ಷ ನಿವೃತ್ತನಾದವನು. ಯಾರ ಹೊಲಕ್ಕೆ ಎಷ್ಟು ತಾಸು ನೀರು, ಯಾರ ಪಾಳಿ ಯಾವಾಗ, ಎಲ್ಲ ಅವನ ಬೆರಳ ತುದಿಯಲ್ಲಿ. ಅಷ್ಟು ನೀರನ್ನು ಮುಂದೆ ಕಳಿಸಿದವನು ತಾನು ಮಾತ್ರ ಮುಂದೆ ಹೋಗಿರಲಿಲ್ಲ. ನಿವೃತ್ತಿಯ ದಿನ ಶಾಲು ಹೊದಿಸಿಕೊಂಡು ಬಂದವನೇ, ಈ ಕೃಷ್ಣವ್ವ ಹುಟ್ಟುವುದೆಲ್ಲಿ, ಸಮುದ್ರ ಸೇರುವುದೆಲ್ಲಿ, ಎರಡೂ ನೋಡಿಯೇ ಸಾಯುವುದು ಎಂದು ಸಾರಿದ. ಮೊದಲು ಹುಟ್ಟುವ ಜಾಗ, ಮಹಾಬಳೇಶ್ವರ. ಲಾಡ್ಜು ಬೇಡ, ಹೋಟೆಲು ಬೇಡ, ಮನೆಯೇ ಜೊತೆಗೆ ಬರಬೇಕು. ಶಹಾಪುರದಲ್ಲಿ ಶಾಲೆಯೊಂದು ಮಾರಿದ ಹಳೆಯ ಬಸ್ಸು ಸಿಕ್ಕಿತು. ಸೀಟು ಕೀಳಿಸಿ ಮಂಚ ಹಾಕಿಸಿದ, ಒಲೆ ಬೆಸುಗೆ ಹಾಕಿಸಿದ, ಮೇಲೆ ನೀರಿನ ಟಾಕಿ ಕೂರಿಸಿದ. ಮಲಗಿದರೆ ಕಾಲು ಡ್ರೈವರ್ ಸೀಟಿಗೆ, ಎದ್ದರೆ ತಲೆ ತಗಡಿಗೆ. ಮಂಚದ ಮೇಲುಗಡೆ ‘ಗಲಾಟೆ ಮಾಡಬಾರದು’ ಎಂಬ ಶಾಲೆಯ ಬರಹ ಹಾಗೇ ಉಳಿದಿತ್ತು. ಹೆಂಡತಿ ದುರಗಮ್ಮನಿಗೆ ಇಡೀ ಬಸ್ಸಿನಲ್ಲಿ ಹಿಡಿಸಿದ್ದು ಅದೊಂದೇ.

ಹಿಂದಿನ ಸಂಜೆ ಅವಳು ಮಲ್ಲಾಬಾಯಿಯನ್ನು ಸಾಕ್ಷಿ ಕರೆದು ಒಂದು ಕರಾರು ಹಾಕಿದ್ದಳು. “ನಾಳಿ ಹೊತ್ತು ಹುಟ್ಟಿದಾಗಿಂದ ಮುಳುಗೋ ತನಕ ಆ ಗಾಡ್ಯಾಗ ಬಾಳೇವು ಮಾಡಿ ತೋರಸ್ರಿ. ಮನಿ ಹೊಸ್ತಿಲಾ ದಾಟಬ್ಯಾಡ್ರಿ. ಇದ್ದು ತೋರಿಸಿದ್ರ ನೀವು ಕರದಲ್ಲಿ ನಾ ಬರ್ತೀನಿ. ದಾಟಿದ್ರಿ ಅಂದ್ರ ಗಾಡಿ ಮಾರಿಬಿಡಬೇಕು. ಮನಿದೇವರ ಆಣಿ.” ಸಾಬಣ್ಣ ನಕ್ಕ. ಕಾಲುವೆಯ ದಂಡೆಯ ಮೇಲೆ ಹಾವು, ಚೇಳು, ಎಂಜಿನಿಯರು ಮೂವರ ನಡುವೆ ಬದುಕಿದವನಿಗೆ ಒಂದು ದಿನ ಯಾವ ಲೆಕ್ಕ.

ಲಿಂಬೆಹಣ್ಣಿನ ಶಾಸ್ತ್ರ ಸುಸೂತ್ರ ನಡೆಯಿತು. ನಾಲ್ಕು ಹಣ್ಣೂ ನಾಲ್ಕು ಗಾಲಿಯಡಿ ಪಚಕ್ಕನೆ ಒಡೆದವು. ಹಾಲು ಉಕ್ಕಿಸಲು ಒಲೆ ಹಚ್ಚಿದಾಗ ಮಲ್ಲಾಬಾಯಿ ಒಳಗೆ ಇಣುಕಿ ನೋಡಿ, ಒಲೆ ಬಡಗಣಕ್ಕೆ ಮುಖ ಮಾಡಿದೆ, ಹಾಲು ಮೂಡಣಕ್ಕೇ ಉಕ್ಕಬೇಕು ಅಂದಳು. ಒಲೆ ತಿರುಗಿಸೋಣವೆಂದರೆ ಅದನ್ನು ಬೆಸುಗೆ ಹಾಕಿದ್ದಾರೆ. ಹಾಗಾದರೆ ಬಸ್ಸನ್ನೇ ತಿರುಗಿಸು ಅಂದಳು.

ಸಾಬಣ್ಣ ಮೂರು ತಿಂಗಳು ಡ್ರೈವಿಂಗ್ ಕಲಿತಿದ್ದ. ಮುಂದಕ್ಕೆ ಚೆನ್ನಾಗಿ ಹೋಗುತ್ತಿದ್ದ. ಹಿಂದಕ್ಕೆ ಹೋಗುವುದನ್ನು ಕಲಿಸಿದ ದಿನ ಅವನಿಗೆ ಜ್ವರ ಬಂದಿತ್ತು. ಓಣಿಯವರೆಲ್ಲ ಬಂದು “ಕಟ್ ಮಾಡ್ರಿ, ಇನ್ನೊಂದೀಟು ಬರ್ಲಿ” ಎಂದು ನಾಲ್ಕು ದಿಕ್ಕಿನಿಂದ ಕೈಯಾಡಿಸಿದರು. ಎಲ್ಲರ ಕೈಗೂ ಮರ್ಯಾದೆ ಕೊಟ್ಟ ಬಸ್ಸು ಕೊನೆಗೆ ಓಣಿಗೆ ಅಡ್ಡಲಾಗಿ, ಮೂತಿ ಎದುರು ಸಾಲಿನ ರಂಗಣ್ಣನ ಕಟ್ಟೆಗೆ, ಬಾಲ ಸಾಬಣ್ಣನದೇ ಗೋಡೆಗೆ ತಾಗಿ, ಗಂಟಲಲ್ಲಿ ಸಿಕ್ಕ ಬೋರೆಹಣ್ಣಿನಂತೆ ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಒಲೆ ಮಾತ್ರ ಸರಿಯಾಗಿ ಮೂಡಣಕ್ಕೆ ತಿರುಗಿತ್ತು. ಹಾಲು ಉಕ್ಕಿತು.

ರಂಗಣ್ಣ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಬನಿಯನ್ನಿನಲ್ಲೇ ಹೊರಗೆ ಬಂದು, ತನ್ನ ಕಟ್ಟೆಯಲ್ಲಿ ಬಿಟ್ಟ ಬಿರುಕನ್ನು ಗೇಣಿನಿಂದ ಅಳೆದು, ಇದಕ್ಕೊಂದು ಅರ್ಜಿ ಬರೆಯಬೇಕಾಗುತ್ತದೆ ಅಂದ. ಯಾರಿಗೆ ಎಂದು ಕೇಳಿದರೆ ಅದನ್ನು ಆಮೇಲೆ ನೋಡೋಣ ಅಂದ. ಕಕ್ಕೇರಾದ ಟ್ರ್ಯಾಕ್ಟರಿನವನಿಗೆ ಫೋನು ಹೋಯಿತು. ಅವನು ಎಳೆದು ಕೊಡುತ್ತೇನೆ, ಆದರೆ ನಾಳೆ ಅಂದ.

ಬಸ್ಸಿನ ಈ ಕಡೆ ಬಜಾರು, ಆ ಕಡೆ ಹಿಟ್ಟಿನ ಗಿರಣಿ. ಎಂಟು ಗಂಟೆಗೆಲ್ಲ ಎರಡೂ ಕಡೆ ಜನ ಸೇರಿದರು. ಪಕ್ಕದ ಮನೆಯ ಖಾಜಾಬೀ ಜೋಳದ ಡಬ್ಬಿ ತಲೆಯ ಮೇಲೆ ಹೊತ್ತು ಬಂದು ಬಸ್ಸನ್ನು ಮೇಲೆ ಕೆಳಗೆ ನೋಡಿದಳು. “ಸಾಬಣ್ಣ ಭಾಯಿ, ಈ ಮಗ್ಗಲಕ ಒಂದು ಬಾಗಲಾ, ಆ ಮಗ್ಗಲಕ ಒಂದು ಬಾಗಲಾ ಐತಿ. ಹಾದು ಹೋಗ್ತೀನಿ, ತಗೀರಿ.”

ಶಾಲೆಯ ಬಸ್ಸಲ್ಲವೇ, ಅಪಾಯ ಬಂದರೆ ಮಕ್ಕಳು ಇಳಿಯಲೆಂದು ಬಲಗಡೆಗೂ ಬಾಗಿಲಿತ್ತು. ಸಾಬಣ್ಣ ತೆಗೆದ. ಖಾಜಾಬೀ ಒಲೆ, ಮಂಚ, ತೂಗುಹಾಕಿದ್ದ ಅವನ ಒಳಚಡ್ಡಿ ಎಲ್ಲವನ್ನೂ ಸಾವಕಾಶ ನೋಡಿಕೊಂಡು ಆಚೆ ಇಳಿದಳು. ಅವಳ ಹಿಂದೆ ಅವಳ ಎರಡು ಆಡು, ಆಡಿನ ಹಿಂದೆ ಇಡೀ ಓಣಿ. ಹೋಗುವವರೆಲ್ಲ ಒಂದೊಂದು ಮಾತು ಬಿಟ್ಟು ಹೋದರು. ಮಂಚ ಗಿಡ್ಡಾಯಿತು ಅಂದರು, ಸಕ್ಕರೆ ಡಬ್ಬಿಗೆ ಇರುವೆ ಬಂದಿದೆ ಅಂದರು. ಮಲ್ಲಾಬಾಯಿ ತನ್ನ ಆಕಳನ್ನೇ ಹೊಡೆದುಕೊಂಡು ಬಂದಳು. ಅದು ಸಾಬಣ್ಣ ಹೆಚ್ಚಿಟ್ಟ ಕೊತ್ತಂಬರಿಯನ್ನು ಮುಗಿಸಿ, ಬದಲಿಗೆ ತನ್ನ ಕಾಣಿಕೆ ಇಟ್ಟು ಹೋಯಿತು. ಗೃಹಪ್ರವೇಶಕ್ಕೆ ಆಕಳು ಕಾಲಿಡಬೇಕಾಗಿತ್ತು, ಅದೂ ಆಯಿತು ಎಂದು ಮಲ್ಲಾಬಾಯಿ ಕೈಮುಗಿದಳು.

ಹತ್ತು ಗಂಟೆಗೆ ಬಜಾರಿನಿಂದ ಬಂದವರೂ ಗಿರಣಿಯಿಂದ ಬಂದವರೂ ಮಂಚದ ಹತ್ತಿರ ಡಿಕ್ಕಿ ಹೊಡೆದರು. ಹಿಟ್ಟು ಚೆಲ್ಲಿತು, ಮಾತು ಅದಕ್ಕಿಂತ ಹೆಚ್ಚು ಚೆಲ್ಲಿತು. ಆಗ ಸಾಬಣ್ಣನೊಳಗಿನ ಗೇಟಿನ ಮನುಷ್ಯ ಎದ್ದು ನಿಂತ. ಎಲ್ಲರನ್ನೂ ಇಳಿಸಿ ಎರಡೂ ಬಾಗಿಲು ಹಾಕಿದ. ಸೀಮೆಸುಣ್ಣದಿಂದ ಬಸ್ಸಿನ ಮೈಮೇಲೆ ಪಾಳಿ ಬರೆದ. ಕಾಲು ತಾಸು ಬಜಾರಿನ ಕಡೆ, ಕಾಲು ತಾಸು ಗಿರಣಿ ಕಡೆ, ದನಕರುಗಳಿಗೆ ತಾಸಿಗೊಮ್ಮೆ. ಬಾಗಿಲ ಹಿಡಿಕೆ ಹಿಡಿದು ಗಡಿಯಾರ ನೋಡುತ್ತ ನಿಂತ.

ಒಂದು ವರ್ಷದಿಂದ ಅವನನ್ನು ಯಾರೂ ಏನೂ ಬೇಡಿರಲಿಲ್ಲ. ಈಗ ಬೆಳಗಿನಿಂದ ಎಲ್ಲರೂ “ಜರಾ ಬಿಡ್ರಿ ಸಾಬಣ್ಣ” ಎಂದು ಗೋಗರೆಯುತ್ತಿದ್ದರು. ರಂಗಣ್ಣ ಪಾಳಿ ತಪ್ಪಿಸಿ ನುಗ್ಗಲು ನೋಡಿ ತಹಶೀಲ್ದಾರರ ಹೆಸರು ಹೇಳಿದ. ಗೇಟಿನ ಮುಂದೆ ಎಂತೆಂಥ ದೊಡ್ಡವರನ್ನು ತಡೆದು ನಿಲ್ಲಿಸಿದ್ದೇನೆ ಎಂದು ಸಾಬಣ್ಣ ಅವನಿಗೆ ತಿಳಿಸಿದ. ತಡೆದದ್ದು ಹೆಚ್ಚಾಗಿ ಎಮ್ಮೆಗಳನ್ನು, ಆದರೂ ಅನುಭವ ಅನುಭವವೇ. ಊಟ ಬಿಸಿಲಲ್ಲಿ ಹಳಸಿತು, ಟಾಕಿಯ ನೀರು ಚಹಾದಷ್ಟು ಕಾಯಿತು, ತನ್ನ ಹೊಸ್ತಿಲು ದಾಟುವಂತಿಲ್ಲವಾಗಿ ಸ್ನಾನಕ್ಕೆ ರಂಗಣ್ಣನ ಬಚ್ಚಲೇ ಗತಿಯಾಯಿತು. ಅದಕ್ಕಾಗಿ ರಂಗಣ್ಣನಿಗೆ ಎರಡು ಪಾಳಿ ಬಿಟ್ಟುಕೊಡಬೇಕಾಯಿತು.

ಮಧ್ಯಾಹ್ನ ಸಾಲಿನಲ್ಲಿ ದುರಗಮ್ಮ ನಿಂತಿದ್ದಳು. ಸಾಬಣ್ಣ ಕಣ್ಣಲ್ಲೇ ಮುಂದೆ ಬಾ ಎಂದು ಕರೆದ. “ನನ್ನ ಪಾಳಿ ಬರ್ಲಿ ಬಿಡ್ರಿ” ಎಂದು ಅವಳು ಸೆರಗು ಸರಿಪಡಿಸಿಕೊಂಡಳು. ಅವಳ ಪಾಳಿ ಬಂತು. ಒಳಗೆ ಹತ್ತಿ, ಮಂಚದ ಮೇಲೆ ಒಂದು ಕ್ಷಣ ಕೂತು, ಗಂಡನ ಹಿಟ್ಟು ಮೆತ್ತಿದ ಮೀಸೆ ನೋಡಿ, ತುಟಿಯಲ್ಲೇ ನಕ್ಕು ಬಜಾರಿನ ಕಡೆ ಇಳಿದು ಹೋದಳು. ನಗುತ್ತಿದ್ದಾಳೆ, ನಾನು ಸೋಲುತ್ತೇನೆ ಅಂದುಕೊಂಡಿದ್ದಾಳೆ, ಎಂದು ಸಾಬಣ್ಣ ಹಲ್ಲು ಕಚ್ಚಿದ.

ಸಂಜೆಯಾಯಿತು. ಸುರಪುರದ ಗುಡ್ಡದ ಮೇಲೆ ಸೂರ್ಯ ಗಲ್ಲ ಊರಿಕೊಂಡು ಕೂತ. ಓಣಿ ಖಾಲಿಯಾಗಿತ್ತು. ಮಲ್ಲಾಬಾಯಿ ಸಾಕ್ಷಿಗೆಂದು ಬಂದು ಸಾಬಣ್ಣನ ಹೊಸ್ತಿಲ ಪಕ್ಕದಲ್ಲೇ ಕಾಲು ಚಾಚಿ ಕೂತಳು. ಇನ್ನು ಹತ್ತು ನಿಮಿಷ. ಸಾಬಣ್ಣ ಮೆಟ್ಟಿಲ ಮೇಲೆ ಕೂತು ಮಹಾಬಳೇಶ್ವರದ ದಾರಿ ನೆನೆಯತೊಡಗಿದ.

ಆಗ ಅವನ ಕಿವಿಗೆ ಬಿತ್ತು. ಮನೆಯೊಳಗಿನ ನಲ್ಲಿ. ಮೊದಲು ಖಾಲಿ ಕ್ಯಾನಿಗೆ ನೀರು ಬೀಳುವ ಸಪ್ಪಳ, ಆಮೇಲೆ ಅರ್ಧ ತುಂಬಿದ ಸಪ್ಪಳ, ಆಮೇಲೆ ಕಂಠದ ಸಪ್ಪಳ. ನೀರು ಎಲ್ಲಿಯವರೆಗೆ ಬಂದಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವನು ಅವನು. ತುಂಬಿತು. ಉಕ್ಕಿತು. ಚೆಲ್ಲತೊಡಗಿತು. ಹೆಂಡತಿಯನ್ನು ಕೂಗಿದ, ಉತ್ತರವಿಲ್ಲ. ಮಲ್ಲಾಬಾಯಿಯನ್ನು ಬೇಡಿಕೊಂಡ, ಸಾಕ್ಷಿ ಎದ್ದು ಹೋಗಬಾರದು ಅಂದಳು. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ನಿಮಿಷಕ್ಕೆ ಒಂದು ಕೊಡ ಎಂದು ಮನಸ್ಸು ತಾನೇ ಲೆಕ್ಕ ಹಾಕಿತು. ಎರಡು ಕೊಡ. ಮೂರು. ಕಾಲುವೆಯ ಕಟ್ಟಕಡೆಯಲ್ಲಿ ಬಾಡಿದ ಮೆಣಸಿನ ಗಿಡದ ನಡುವೆ ಸಲಿಕೆ ಊರಿ ನೀರಿಗೆ ಕಾಯುವ ರೈತನೊಬ್ಬ ಕಣ್ಣೆದುರು ಬಂದು, ಸಾಬಣ್ಣನನ್ನೇ ದಿಟ್ಟಿಸಿದ.

ಎಚ್ಚರವಾದಾಗ ಸಾಬಣ್ಣನ ಕೈ ನಲ್ಲಿಯ ಮೇಲಿತ್ತು. ಕಾಲು ಒದ್ದೆಯಾಗಿತ್ತು. ನೀರು ನಿಂತಿತ್ತು.

“ದಾಟಿದೆಪ್ಪಾ ತಮ್ಮ” ಎಂದು ಹೊರಗಿನಿಂದ ಮಲ್ಲಾಬಾಯಿಯ ದನಿ ಬಂತು. “ಹೊತ್ತು ಇನ್ನಾ ಕಾಣಾಕತ್ತದ.”

ಸಾಬಣ್ಣ ತಿರುಗಿ ನೋಡಿದ. ನಲ್ಲಿಯ ಕೆಳಗೆ ಎರಡು ಹೊಚ್ಚ ಹೊಸ ನೀರಿನ ಕ್ಯಾನು. ಪಕ್ಕದಲ್ಲಿ ದಾರಿಬುತ್ತಿಗೆಂದು ಗಂಟು ಹಾಕಿದ ಶೇಂಗಾ ಹಿಂಡಿಯ ಪುಡಿ, ಒಣಗಿಸಿದ ಕಟಿರೊಟ್ಟಿಯ ದೊಡ್ಡ ಕಟ್ಟು. ಒಳಕೋಣೆಯಿಂದ ದುರಗಮ್ಮ ಹೊಸ ಇಳಕಲ್ ಸೀರೆಯುಟ್ಟು, ಕೈಯಲ್ಲಿ ಚೀಲ ಹಿಡಿದು ಬಂದಳು. ನೆರಿಗೆ ಹಿಡಿಯುತ್ತ ನಲ್ಲಿಯನ್ನು ಮರೆತಿದ್ದಳು, ಅವನ ಕೂಗೂ ಕೇಳಿಸಿರಲಿಲ್ಲ. ಚೀಲದ ಬಾಯಿಂದ ಮಹಾಬಳೇಶ್ವರದ ಚಳಿಗೆಂದು ತಂದ ಎರಡು ಉಣ್ಣೆಯ ಕುಲಾವಿ ಇಣುಕುತ್ತಿದ್ದವು. ರಂಗಂಪೇಟೆಯ ಬೇಸಿಗೆಯಲ್ಲಿ ಅದನ್ನು ಕೇಳಿದ್ದಕ್ಕೆ ಅಂಗಡಿಯವನು ಅಟ್ಟ ಹತ್ತಬೇಕಾಯಿತಂತೆ.

“ನೀ ಬರಾಕತ್ತಿದ್ದೇನು?” ಎಂದ ಸಾಬಣ್ಣ.

“ಮತ್ತೇನ್ರಿ. ಮಧ್ಯಾಹ್ನ ನಿಮ್ಮ ಮಾರಿ ನೋಡಿದೆ. ವರ್ಷದ ಮ್ಯಾಲ ಹಂಗ ನಗುಮಾರಿ ಕಂಡಿದ್ದಿಲ್ಲ. ಈ ಮನಷ್ಯಾನ ಕೂಡ ಸಮುದ್ರದ ತನಕ ಬೇಕಾದ್ರ ಹೋಗಬಹುದು ಅನಸ್ತು.”

ಸಾಬಣ್ಣ ಆಸೆಯಿಂದ ಹೊಸ್ತಿಲ ಕಡೆ ನೋಡಿದ. ದುರಗಮ್ಮ ತಲೆಯಾಡಿಸಿದಳು. ಆಣೆ ಮಾಡಿದ್ದು ಅವಳೇ, ಅದೂ ಮನೆದೇವರದು, ಅದೂ ಮಲ್ಲಾಬಾಯಿಯ ಎದುರು. ನಾಳೆ ಟ್ರ್ಯಾಕ್ಟರಿನವನು ಎಳೆಯಲು ಬಂದಾಗ ಅವನಿಗೇ ಗಿರಾಕಿ ಹುಡುಕಲು ಹೇಳಬೇಕು ಅಂದಳು.

“ನೀರು ಹೋಗಾಕತ್ತಿತ್ತಲ್ಲ, ದುರಗವ್ವ” ಎಂದ ಸಾಬಣ್ಣ ಸಣ್ಣ ದನಿಯಲ್ಲಿ.

“ಹೋಗ್ಲಿ ಅಂತ ಬಿಡಬೇಕಿತ್ತಲ್ರಿ. ನೀರೂ ಹೋಗತಿತ್ತು, ನಾವೂ ಹೋಗತಿದ್ವಿ.”

ಅವಳು ಚೀಲವನ್ನು ಕೆಳಗಿಟ್ಟು ಒಂದು ಕುಲಾವಿ ತೆಗೆದಳು. ಬೆವರು ಹರಿಯುತ್ತಿದ್ದ ಅವನ ತಲೆಗೆ ಅದನ್ನು ಕಿವಿ ಮುಚ್ಚುವಂತೆ ಎಳೆದು ತೊಡಿಸಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿದಳು. ಅಳತೆ ಸರಿಯಾಗಿತ್ತು.