ಡಚೆಸ್‌ಳ ಮಡಿ

ಇಂಗ್ಲಿಷ್ ಕಲಿತವರಿಗೆ ನಿಯಮಗಳನ್ನು ಓದಲು ಬರುತ್ತದೆ. ಪಾಲಿಸಲೂ ಬರುತ್ತದೆ ಎಂದು ಯಾರು ಸುದ್ದಿ ಹಬ್ಬಿಸಿದರೋ ನನಗೆ ತಿಳಿಯದು. ಬಳ್ಳಾರಿಯ ಕಾನ್ವೆಂಟಿನಲ್ಲಿ ಹತ್ತು ವರ್ಷ ನನ್ನನ್ನು ತಿದ್ದಿದ ಸಿಸ್ಟರುಗಳು ಹಾಗೆ ನಂಬಿದ್ದರು, ಪಾಪ. ಫೋರ್ಕನ್ನು ಯಾವ ಕೈಯಲ್ಲಿ ಹಿಡಿಯಬೇಕು, ಥ್ಯಾಂಕ್ ಯೂ ನೋಟನ್ನು ಎಷ್ಟು ದಿನದೊಳಗೆ ಬರೆಯಬೇಕು ಎಂದೆಲ್ಲ ಕಲಿತು ನಾನು ಮದುವೆಯಾಗಿ ಬಂದದ್ದು ಆಂಧ್ರದ ಆದೋನಿಗೆ, ಬಾಳೆಲೆಯಲ್ಲಿ ಹುಳಿಯನ್ನ ಉಣ್ಣುವ ಮನೆಗೆ. ಇಲ್ಲಿಯೂ ನಿಯಮಗಳಿಗೇನು ಬರವಿರಲಿಲ್ಲ. ಮಡಿಯಲ್ಲಿದ್ದವರನ್ನು ಮುಟ್ಟಬಾರದು, ಅವರು ತುಂಬಿಟ್ಟ ನೀರನ್ನು ಮುಟ್ಟಬಾರದು, ಒಣಹಾಕಿದ ಸೀರೆಯ ನೆರಳಿಗೂ ಸೋಕಬಾರದು. ನಾನು ಇದಕ್ಕೆಲ್ಲ ಸೂಪರ್‌ಸ್ಟಿಷನ್ ಎಂದು ಹೆಸರಿಟ್ಟು, ಸೆರಗಿನ ಮರೆಯಲ್ಲಿ ನಕ್ಕು, ಐವತ್ತು ವರ್ಷ ಕಳೆದೆ.

ಮಡಿಯ ಖಾತೆ ನನ್ನ ವಾರಗಿತ್ತಿ ಪದ್ಮಾವತಿಯದು. ಮೈದುನನ ಹೆಂಡತಿ, ನನಗಿಂತ ಆರು ವರ್ಷಕ್ಕೆ ಚಿಕ್ಕವಳು. ನನ್ನ ಖಾತೆಯಲ್ಲಿ ಇದ್ದದ್ದು ಒಂದೇ, ಡಚೆಸ್. ಅರ್ಧ ಲ್ಯಾಬ್ರಡಾರ್, ಉಳಿದರ್ಧ ಅಪ್ಪಟ ಆದೋನಿ ಬೀದಿಯ ನಾಯಿ. ಒಂಬತ್ತು ವರ್ಷದಿಂದ ಅದು ಪದ್ಮಾವತಿಯ ಬಳಿ ಬಾಲ ಅಲ್ಲಾಡಿಸುತ್ತ ಹೋಗುವುದು, ಅವಳು "ದೂರ, ದೂರ" ಎನ್ನುವುದು, ಅದು ಇದನ್ನೇ ಪ್ರೀತಿಯ ಮಾತೆಂದು ತಿಳಿದು ಇನ್ನೂ ಹತ್ತಿರ ಹೋಗುವುದು, ಹೀಗೆ ಇಬ್ಬರ ಸಂಸಾರ ನಡೆದಿತ್ತು.

ಈ ಬೇಸಿಗೆಯಲ್ಲಿ ಡಚೆಸ್‌ಳ ಗದ್ದದ ಕೆಳಗೆ ಎರಡೂ ಕಡೆ ಗಂಟು ಕಾಣಿಸಿತು. ನಿಂಬೆಹಣ್ಣಿನಷ್ಟು ದೊಡ್ಡದು. ಎಮ್ಮೆ ಮೇಕೆಗಳಲ್ಲೇ ಆಯುಷ್ಯ ಕಳೆದ ನಮ್ಮ ಊರಿನ ಡಾಕ್ಟರು ಸೂಜಿ ಚುಚ್ಚಿ, ಪರೀಕ್ಷೆಗೆ ಕಳಿಸಿ, ವಾರದ ಮೇಲೆ ಮನೆಗೇ ಬಂದರು. "ಅಮ್ಮಾ, ಇದು ಕ್ಯಾನ್ಸರ್ ರೀ. ನಮ್ಮ ಕೈಲಿ ಆಗೋದಲ್ಲ. ಹೈದರಾಬಾದಿನಾಗ ಹೊಸಾ ಔಷಧಿ ನಾಯಿಗಳಿಗೆ ಕೊಟ್ಟು ನೋಡಾಕ ಹತ್ತ್ಯಾರ. ಮನ್ಯಾಗ ಸಾಕಿದ ನಾಯೇ ಬೇಕಂತ. ನಮ್ಮ ಜೋಡಿ ಅದಽ ಗಾಳಿ, ಅದಽ ನೀರು ಕುಡದು, ನಮಗ ಬಂದಂಗಽ ಬರತೈತಲ್ಲ. ಗುಣ ಆದ್ರ ನಾಯಿಗೂ ಚಲೋ, ಮುಂದ ಮನಷ್ಯಾರಿಗೂ ಚಲೋ."

"ಮೊದಲ ನಾಯಿಗೆ, ಆಮ್ಯಾಲ ಮನಷ್ಯಾರಿಗೇನ್ರಿ?" ಪದ್ಮಾವತಿ ಅಡುಗೆಮನೆಯಿಂದಲೇ ಕೇಳಿದಳು. "ನಮ್ಮ ಮನ್ಯಾಗ ಮೊದಲಿಂದ್ಲೂ ಹಂಗಽ ಐತಿ ಬಿಡ್ರಿ. ಮುಂಜಾನಿ ಹಾಲು ಯಾರಿಗೆ ಮೊದಲ ಹೋಗತೈತಿ ಕೇಳ್ರಿ ನಮ್ಮ ಅಕ್ಕನ್ನ."

ಕನ್ಸೆಂಟ್ ಫಾರ್ಮ್ ಬಂತು, ಹನ್ನೊಂದು ಪುಟ. ಕನ್ನಡಕ ಒರೆಸಿ ಒರೆಸಿ ಓದಿದೆ. ಇವರಿಗೆ ಇದೇ ಕಾಯಿಲೆ ಬಂದಾಗ ಡಾಕ್ಟರು ಬೆರಳಿಟ್ಟಲ್ಲೆಲ್ಲ ಸಹಿ ಹಾಕಿದ್ದೆ, ಒಂದಕ್ಷರ ಓದಿರಲಿಲ್ಲ. ಗಂಡನಿಗಿಲ್ಲದ ಮರ್ಯಾದೆ ನಾಯಿಗೆ ಸಿಕ್ಕಿತು. ಇವರು ಇದ್ದಿದ್ದರೆ, "ವೆಲ್, ಅಟ್ ಲೀಸ್ಟ್ ಕಲಿತೆಯಲ್ಲ" ಎನ್ನುತ್ತಿದ್ದರು.

ಸಹಿ ಹಾಕಿದ ಮೇಲೆ ಮಾತ್ರೆಯ ಜೊತೆ ನಿಯಮಗಳ ಪಟ್ಟಿ ಬಂತು. ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿಸುತ್ತ ಹೋದೆ, ಪದ್ಮಾವತಿ ಹೊಸ್ತಿಲಾಚೆ ನಿಂತು ಕೇಳಿದಳು.

"ಗ್ಲವ್ಸ್ ಇಲ್ಲದೆ ಮಾತ್ರೆ ಮುಟ್ಟಬಾರದು. ನಾಯಿ ತಾಟು ಬೇರೆ, ಅದನ್ನ ತೊಳೆಯೋ ಜಾಗ ಬೇರೆ. ಅದು ಒಂದಕ್ಕೆ ಮಾಡಿದ ಕಡೆ ನೀರು ಹೊಯ್ಯೋ ತನಕ ತುಳೀಬಾರದು. ಮುಟ್ಟಿದೋರು ತೊಳಕೋಬೇಕು. ಮಾತ್ರೆಗೆ ಮುಂಚೆ ಎರಡು ತಾಸು, ಆಮೇಲೆ ಎರಡು ತಾಸು, ನೀರು ಬಿಟ್ಟು ನಾಯಿ ಬಾಯಿಗೆ ಏನೂ ಹಾಕಬಾರದು."

"ಇನ್ನೊಮ್ಮೆ ಓದ್ರಿ ಅಕ್ಕಾ."

ಓದಿದೆ.

"ಇದರಾಗ ಹೊಸಾದೇನೈತ್ರಿ? ಇದು ಮಡಿ! ಇಷ್ಟು ಹೇಳಾಕ ಹೈದರಾಬಾದ್ ಯಾಕ ಬೇಕಿತ್ತು? ನಲವತ್ತೈದು ವರ್ಸದಿಂದ ನಾನು ಹೇಳಿದ್ರ ನೀವು ನಗತಿದ್ರಿ."

"ಪದ್ಮಾ, ಡೋಂಟ್ ಬಿ ಸಿಲ್ಲಿ. ಇದು ಸೈನ್ಸ್."

"ಆಗಲಿ. ಸೈನ್ಸ್ ನಾ ಮಾಡತೀನಿ. ನೀವು ಬರಕೋರಿ."

ಹೀಗೆ ನನ್ನ ನಾಯಿಯ ಕ್ಲಿನಿಕಲ್ ಟ್ರಯಲ್ ನನ್ನ ವಾರಗಿತ್ತಿಯ ವಶವಾಯಿತು. ಬೆಳಗ್ಗೆ ಆರಕ್ಕೆ ಸರಿಯಾಗಿ ಗ್ಲವ್ಸ್ ತೊಟ್ಟು, ಡಚೆಸ್‌ಳ ಬಾಯಿ ಅಗಲಿಸಿ, ಮಾತ್ರೆಯನ್ನು ಗಂಟಲಿಗೆ ಇಳಿಸಿ, ಸೀದಾ ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಬರುವಳು. ಒಂಬತ್ತು ವರ್ಷ ನಾಯಿಗೆ "ದೂರ, ದೂರ" ಎಂದವಳು ಈಗ ನನಗೆ "ದೂರ, ದೂರ" ಎನ್ನತೊಡಗಿದಳು. ಪ್ರತಿ ಶನಿವಾರ ವಿಡಿಯೋ ಕಾಲ್ ಮಾಡುವ ಹೈದರಾಬಾದಿನ ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಇಷ್ಟು ಅಚ್ಚುಕಟ್ಟು ಯಾವ ಮನೆಯಲ್ಲೂ ಇಲ್ಲ ಎಂದು ತೆಲುಗಿನಲ್ಲಿ ಪದ್ಮಾವತಿಯನ್ನು ಹೊಗಳಿದಳು. ನಾನು ಪಕ್ಕದಲ್ಲಿ ಕೂತು ಪೊಲೈಟ್ ಆಗಿ ನಕ್ಕೆ. ಮೂರನೆಯ ವಾರಕ್ಕೆ ನಿಂಬೆಹಣ್ಣು ನೆಲ್ಲಿಕಾಯಿಯಾಗಿತ್ತು. ಮುಂದೆ ಏನಾಗುವುದೋ, ಯಾರೂ ಮಾತು ಕೊಟ್ಟಿರಲಿಲ್ಲ. ಆದರೆ ನಿಯಮ ಮುರಿದರೆ ನಾಯಿಯನ್ನು ಟ್ರಯಲ್‌ನಿಂದ ಕೈಬಿಡಬಹುದು, ಮಾತ್ರೆ ನಿಲ್ಲುತ್ತದೆ ಎಂದು ಒಂಬತ್ತನೆಯ ಪುಟದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅದನ್ನೂ ನಾನೇ ಓದಿದ್ದೆ.

ಶನಿವಾರ ನನಗೆ ಒಂದು ದೌರ್ಬಲ್ಯವಿದೆ. ಬೀದಿ ಮೂಲೆಯ ಬಂಡಿಯಲ್ಲಿ ಉಗ್ಗಾಣಿ ಮಾಡುತ್ತಾರೆ, ನೆನೆಸಿದ ಮಂಡಕ್ಕಿಗೆ, ಇಲ್ಲಿಯವರ ಮಂಡಾಳಿಗೆ, ಉಳ್ಳಾಗಡ್ಡಿಯ ಒಗ್ಗರಣೆ. ಉಳ್ಳಾಗಡ್ಡಿ ನಮ್ಮ ಮನೆಯೊಳಗೆ ಬರುವಂತಿಲ್ಲವಾದ್ದರಿಂದ ನಾನು ಪೊಟ್ಟಣ ತಂದು ಹೊರಗಿನ ಕಟ್ಟೆಯ ಮೇಲೆ ತಿನ್ನುತ್ತೇನೆ. ಅವತ್ತು ಏಳಕ್ಕೆ ಹತ್ತು ನಿಮಿಷವಿತ್ತು. ಮಾತ್ರೆ ನುಂಗಿ ಐವತ್ತು ನಿಮಿಷ. ಡಚೆಸ್ ಬಂದು ನನ್ನ ಮೊಣಕಾಲಿನ ಮೇಲೆ ಗದ್ದವಿಟ್ಟಳು, ಆ ನೆಲ್ಲಿಕಾಯಿಗಳ ಸಮೇತ. ಪದ್ಮಾವತಿ ಅಡುಗೆಮನೆಯಲ್ಲಿದ್ದಳು. ಎರಡೇ ತುತ್ತು, ಐ ಸ್ವೇರ್.

ಅರ್ಧ ತಾಸಿನಲ್ಲಿ ಅದೆಲ್ಲ ಅಂಗಳಕ್ಕೆ ಬಂತು, ಪದ್ಮಾವತಿ ಆಗಷ್ಟೇ ಹಾಕಿದ ರಂಗೋಲಿಯ ಮೇಲೆ. ಅವಳು ಕೂತು, ಬಾಗಿ, ಮೂಗಿಗೆ ಸೆರಗು ಹಿಡಿದು ನೋಡಿದಳು.

"ಅಕ್ಕಾ, ಡಚ್ಚಿ ಉಳ್ಳಾಗಡ್ಡಿ ಯಾವಾಗಿಂದ ತಿನ್ನಾಕ ಹತ್ತೇತಿ?"

"ಗ್ಯಾಸ್ಟ್ರಿಕ್ ಇರಬೇಕು."

"ಗ್ಯಾಸ್ಟ್ರಿಕ್ಕಿನಾಗ ಮಂಡಾಳು ಇರತಾವೇನ್ರಿ? ಒಗ್ಗರಣಿ ಸಾಸಿವಿ ಸೈತ ಕಾಣತೈತಿ. ಮಾತ್ರಿನೂ ಐತಿ ನೋಡ್ರಿ, ಅರ್ಧ."

ನಾನು ಟ್ರಯಲ್‌ನ ಡೈರಿ ತೆಗೆದು ಬರೆದೆ: ಮೈಲ್ಡ್ ಗ್ಯಾಸ್ಟ್ರಿಕ್ ಅಪ್‌ಸೆಟ್, ಕಾಝ್ ಅನ್‌ನೋನ್. ಎಂಥ ಸೊಗಸಾದ ಭಾಷೆ! ಅದರಲ್ಲಿ ಸುಳ್ಳು ಹೇಳಿದರೆ ರಿಪೋರ್ಟಿನ ಹಾಗೆ ಕೇಳಿಸುತ್ತದೆ.

"ಏನ ಬರದ್ರಿ?"

"ಹೊಟ್ಟೆ ಕೆಟ್ಟಿತು ಅಂತ."

"ಯಾರು ಕೆಡಿಸಿದ್ರು ಅಂತ ಬರದ್ರೇನು?"

"ಪದ್ಮಾ, ಬರದ್ರೆ ಅದನ್ನ ಕೈಬಿಡ್ತಾರೆ. ಮಾತ್ರೆ ನಿಂತರೆ ಅದು ಉಳಿಯಲ್ಲ."  ಈ ಮಾತಿನಲ್ಲಿ ನಟನೆ ಇರಲಿಲ್ಲ.

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು. "ಮಡಿನೀರು ಯಾರರ ಮುಟ್ಟಿದ್ರ ನಾ ಏನ ಮಾಡತೀನ್ರಿ? ಚೆಲ್ಲಿ ಮತ್ತ ತುಂಬತೀನಿ. ಮುಟ್ಟಽ ಇಲ್ಲ ಅಂದ್ಕೊಂಡು ಅದರಾಗಽ ಅಡಿಗಿ ಮಾಡಿದ್ರ ಉಣ್ಣೋರಿಗೆಲ್ಲಾ ಮೋಸ ಮಾಡಿದಂಗಲ್ಲೇನು? ಅಲ್ಲಿ ಇನ್ನಾ ನಾಯಿಗಳು ಅದಾವಂತಲ್ಲ."

ಹತ್ತು ಗಂಟೆಗೆ ವಿಡಿಯೋ ಕಾಲ್ ಬಂತು. ನಾನು ಗಂಟಲು ಸರಿಮಾಡಿಕೊಂಡು, "ಡಾಕ್ಟರ್, ದೇರ್ ವಾಸ್ ಎ ಸ್ಲೈಟ್..." ಎನ್ನುವಷ್ಟರಲ್ಲಿ ಪದ್ಮಾವತಿಯ ಮುಖ ಪರದೆಯನ್ನೆಲ್ಲ ತುಂಬಿತು. "ಡಾಕ್ಟರಮ್ಮಾ, ಮಾ ಅಕ್ಕ ಕುಕ್ಕಕಿ ಉಗ್ಗಾನಿ ಪೆಟ್ಟಿಂದಿ. ಮಾತ್ರ ಕೂಡಾ ಕಕ್ಕೇಸಿಂದಿ." ನಮ್ಮಕ್ಕ ನಾಯಿಗೆ ಉಗ್ಗಾಣಿ ತಿನ್ನಿಸಿದಳು, ಅದು ಮಾತ್ರೆಯನ್ನೂ ಕಕ್ಕಿತು. ಎರಡೇ ವಾಕ್ಯ. ನನ್ನ ಹತ್ತು ವರ್ಷದ ಕಾನ್ವೆಂಟ್ ನೆಲಕಚ್ಚಿತು.

ಡಾಕ್ಟರಮ್ಮ ನಗಲಿಲ್ಲ. ಉಳ್ಳಾಗಡ್ಡಿ ನಾಯಿಗಳಿಗೆ ವಿಷ, ಎಷ್ಟು ತಿಂದಳು, ಈಗ ಹೇಗಿದ್ದಾಳೆ ಎಂದು ಕೇಳಿ, ಸೋಮವಾರ ರಕ್ತ ಪರೀಕ್ಷೆ ಮಾಡಿಸಿ, ಇವತ್ತಿನ ಮಾತ್ರೆ ಮತ್ತೆ ಕೊಡಬೇಡಿ, ನಾಳೆಯಿಂದ ಎಂದಿನಂತೆ ಕೊಡಿ ಎಂದಳು. ಆಮೇಲೆ ನನ್ನತ್ತ ತಿರುಗಿ ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದಳು: ಹೇಳದೆ ಇದ್ದಿದ್ದರೆ ಔಷಧಿಯೇ ವಾಂತಿ ಮಾಡಿಸಿತೆಂದು ನಾವು ತಿಳಿಯುತ್ತಿದ್ದೆವು, ಎಲ್ಲ ನಾಯಿಗಳಿಗೂ ಡೋಸ್ ಇಳಿಸುವ ಮಾತು ಬರುತ್ತಿತ್ತು. ಡಚೆಸ್ ಟ್ರಯಲ್‌ನಲ್ಲೇ ಇರುತ್ತಾಳೆ. ಆದರೆ ಒಂದು ಫಾರ್ಮ್ ಕಳಿಸುತ್ತೇನೆ, ತುಂಬಿ ಕೊಡಿ.

ನಾನು ಅಲ್ಲಿಯೇ ಕಟ್ಟೆಯ ಮೇಲೆ ಕೂತು, ನಾಯಿಯನ್ನು ತಬ್ಬಿಕೊಳ್ಳಲು ಕೈ ಚಾಚಿ, ಪದ್ಮಾವತಿಯ ಕಣ್ಣು ನೋಡಿ ಕೈ ಹಿಂದೆ ತೆಗೆದುಕೊಂಡೆ.

ಫಾರ್ಮ್ ಬಂತು. ನಿಯಮ ತಪ್ಪಿದ್ದಕ್ಕೆ ಕಾರಣವೇನು ಎಂದು ನಾಲ್ಕು ಚೌಕಗಳು: ಔಷಧಿ, ಕಾಯಿಲೆ, ನಾಯಿ, ಇತರೆ. ನಾನು 'ಇತರೆ'ಗೆ ಟಿಕ್ ಹಾಕಿ, ಪಕ್ಕದ ಖಾಲಿ ಜಾಗದಲ್ಲಿ 'ಓನರ್' ಎಂದು ಬರೆದೆ. ಅದರ ಕೆಳಗೆ ಇನ್ನೊಂದು ಪ್ರಶ್ನೆ: ಇದು ಮತ್ತೆ ಆಗದಂತೆ ಏನು ಕ್ರಮ ಕೈಗೊಂಡಿದ್ದೀರಿ? ಇದನ್ನು ಪದ್ಮಾವತಿ ಹೇಳಿ ಬರೆಸಿದಳು. ಪ್ರತಿದಿನ ಬೆಳಗಿನ ನಾಲ್ಕರಿಂದ ಎಂಟರವರೆಗೆ ಓನರನ್ನು ಒಳಕೋಣೆಯಲ್ಲಿ ಕೂಡಿಸಿ ಹೊರಗಿನಿಂದ ಚಿಲಕ ಹಾಕಲಾಗುವುದು. ಒಂದೂ ಸ್ಪೆಲಿಂಗ್ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಬರೆದು, ಕೆಳಗೆ ನಾನೇ ಸಹಿ ಹಾಕಿದೆ.