ಮಾವ ಕದಿಯದ ಬೆಲ್ಲ

ಕೊಡಿಗೇನಹಳ್ಳಿಯಲ್ಲಿ ನನ್ನ ಸೋದರಮಾವನನ್ನು ಎಲ್ಲರೂ ಮರ್ಯಾದಸ್ಥರೆಂದೇ ನಂಬಿದ್ದರು, ಅವರ ಹೆಂಡತಿಯೊಬ್ಬರನ್ನು ಬಿಟ್ಟು! ಅತ್ತೆಯ ಪಾಲಿಗೆ ಅವರು ಬೆಲ್ಲದ ಕಳ್ಳ.

ಆ ಸಂಕ್ರಾಂತಿಯವರೆಗೆ ಹಾಗಿರಲಿಲ್ಲ. ಅಂದು ಮಾವ ಎಳ್ಳುಬೆಲ್ಲ ತಂದವರಿಗೆಲ್ಲ "ರುಚೀನೇ ಗೊತ್ತಾಗ್ನಿಲ್ಲ, ಇನ್ನೊಂದ್ ಹಿಡಿ ಹಾಕ್ರವ್ವ" ಎಂದು ಕೈಯೊಡ್ಡಿ, ಮಧ್ಯಾಹ್ನ ಸಿಹಿ ಹುಗ್ಗಿ ಉಂಡು ಜಗಲಿಯ ಮೇಲೆ ಮಲಗಿದರು. ಗೊರಕೆಗೆ ಹೊಟ್ಟೆ ಏರಿ ಇಳಿಯುವುದನ್ನು ಬೀದಿಯವರು ನಿಂತು ನೋಡಿದರು. ಮರುದಿನ ಹಿತ್ತಿಲಲ್ಲಿ ಅವರು ಮೂತ್ರಕ್ಕೆ ಕೂರುವ ಕಡೆ ಇರುವೆಗಳು ಮುತ್ತಿದ್ದವು. ಮಧುಗಿರಿ ಆಸ್ಪತ್ರೆಯ ಡಾಕ್ಟರು ಸಿಹಿಮೂತ್ರ ರೋಗ ಎಂದರು. ಅತ್ತೆ ಬೆಲ್ಲದ ಗಡಿಗೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು.

ಆದರೂ ಇರುವೆಗಳು ಬರುವುದು ನಿಲ್ಲಲಿಲ್ಲ. ಹೊರಗಿನಿಂದ ಬಂದ ಗಂಡನ ಬಾಯಿ ಮೂಸುವುದನ್ನು ಅತ್ತೆ ಶುರುಮಾಡಿದರು. ಆಗಾಗ ಆಲೆಮನೆಯ ವಾಸನೆ ಸಿಕ್ಕಿದ್ದೂ ಸುಳ್ಳಲ್ಲ. ಬರಬರುತ್ತಾ ಮಾವ ನಿಜವಾಗಿ ಬೆಲ್ಲ ಬಿಟ್ಟರು. ಬಿಟ್ಟರೇನು, ನಂಬುವವರು ಬೇಕಲ್ಲ? ಹೆಂಡತಿ ತನ್ನ ಮಾತನ್ನೊಮ್ಮೆ ನಂಬಲಿ ಎಂಬುದೇ ಅವರ ದೊಡ್ಡ ಆಸೆಯಾಯಿತು.

ಅದಕ್ಕೆ ಶಿವರಾತ್ರಿ ಒದಗಿಬಂತು. ಉಪವಾಸ, ಮೇಲೆ ಜಾಗರಣೆ. ಇಡೀ ರಾತ್ರಿ ಅತ್ತೆಯ ಕಣ್ಣೆದುರೇ ಕೂತು ಮಾವ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಬೆಳಿಗ್ಗೆ ಮೂತ್ರದ ಸೀಸೆಯನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದು ಮಧುಗಿರಿ ಆಸ್ಪತ್ರೆಗೆ ಹೊರಟರು. ಅತ್ತೆಯೂ ನಾನೂ ಜೊತೆಗಿದ್ದೆವು. ಅದು ಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸು ಇದ್ದಿಲಿನ ಹೊಗೆಯಲ್ಲಿ ಓಡುತ್ತಿತ್ತು. ಏರಿನಲ್ಲಿ ನಿಂತೇಬಿಟ್ಟಿತು.

"ಗೌಡ್ರೇ, ನೀವೊಬ್ರು ಇಳುದ್ರೆ ಸಾಕು, ಮಿಕ್ಕೋರ್ ಕುಂತಿರ್ಲಿ" ಎಂದ ಕಂಡಕ್ಟರು.

ಆಸ್ಪತ್ರೆಯಲ್ಲಿ ಡಾಕ್ಟರು ನೀಲಿ ಔಷಧಿಗೆ ಮೂತ್ರದ ಹನಿ ಹಾಕಿ ಕಾಯಿಸಿದರು. ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಸಕ್ಕರೆ ಇತ್ತು.

"ಯಾವಾಗ ತಿಂದ್ರಿ, ಅದನ್ನೇಳಿ ಮೊದ್ಲು" ಎಂದರು ಅತ್ತೆ.

"ನಿನ್ನೆದುರ್ಗೇ ಕುಂತಿದ್ನಲ್ಲೇ!"

"ನಾನು ದೀಪಕ್ಕೆ ಎಣ್ಣೆ ಬಿಡಕ್ಕೆ ಎದ್ದಿದ್ದೆ."

ಮಾವನ ಮುಖ ನೋಡಲಾಗಲಿಲ್ಲ. ಡಾಕ್ಟರು ನಕ್ಕು, ಅವರ ಬಲಪಕ್ಕೆಯ ಕೆಳಗೆ ಬೆರಳೊತ್ತಿದರು. "ಅಮ್ಮ, ಇಲ್ಲಿ ಈಲಿ, ಅಂದರೆ ಪಿತ್ತಜನಕಾಂಗ, ಇದೆ. ಉಂಡಾಗ ಸಕ್ಕರೆಯನ್ನು ಕೂಡಿಡುತ್ತದೆ, ಉಪವಾಸದಲ್ಲಿ ತೆಗೆದು ರಕ್ತಕ್ಕೆ ಬಿಡುತ್ತದೆ. ಸಾಲದಿದ್ದರೆ ತಾನೇ ಮಾಡುತ್ತದೆ. ಎಲ್ಲರಿಗೂ ಹಾಗೆಯೇ. ಇವರದು ಮಿತಿ ತಪ್ಪಿದೆ. ಆ ಸಕ್ಕರೆ ಮೈಗೆ ಹತ್ತದೆ ಮೂತ್ರದಲ್ಲಿ ಹೋಗುತ್ತದೆ, ಅದಕ್ಕೇ ಇಷ್ಟು ಹಸಿವು. ಇವರು ಕದ್ದಿಲ್ಲ."

ಮಾವ ಎದೆಯುಬ್ಬಿಸಿದರು. ಹೊಟ್ಟೆಯೂ ಜೊತೆಗೇ ಉಬ್ಬಿತು. "ಕೇಳುದ್ಯಾ? ಕಳ್ಳ ಒಳಗವ್ನೆ ಕಣೇ."

"ಅವುನ್ನ ಬೆಲ್ಲ ಹಾಕಿ ಸಾಕ್ದೋರು ಯಾರು?"

ಡಾಕ್ಟರೂ ನಕ್ಕರು. ಹೊಟ್ಟೆ ಇಳಿಸಿದರೆ ಒಳಗಿನವನೂ ಸ್ವಲ್ಪ ಹದಕ್ಕೆ ಬರುತ್ತಾನೆ ಎಂದರು. ಅಂದಿನಿಂದ ಮಾವ ಕೆರೆಯ ಏರಿಯ ಮೇಲೆ ದಿನಾ ನಡೆದರು. ಊಟಕ್ಕೆ ಕೂತಾಗ ಪಕ್ಕೆ ತಟ್ಟಿ, "ಇವತ್ ಒಂದೇ ಮುದ್ದೆ ಕಣ್ಲಾ, ನೀನೂ ಸುಮ್ಕಿರು" ಎಂದು ಈಲಿಗೆ ಬುದ್ಧಿ ಹೇಳುತ್ತಿದ್ದರು. ಅತ್ತೆ ಬಾಯಿ ಮೂಸುವುದನ್ನು ಬಿಟ್ಟರು.

ಮಳೆಗಾಲದಲ್ಲಿ ಮಾವನ ಕಾಲಿಗೆ ಮುಳ್ಳು ಚುಚ್ಚಿತು. ಗಾಯ ಮಾಯಲಿಲ್ಲ. ಜ್ವರ ಬಂತು, ಇಳಿಯಲಿಲ್ಲ.

ಮೊನ್ನೆ ಅತ್ತೆ ರಾಗಿ ಕೇರುತ್ತಾ, ನಾನು ಕೇಳದಿದ್ದರೂ ಹೇಳಿದರು: "ಡಾಕ್ಟ್ರು ಹೇಳೋಕ್ ಮುಂಚೇನೇ ನಂಗೊತ್ತಿತ್ತು, ಅವ್ರು ಆವತ್ ತಿಂದಿರ್ನಿಲ್ಲ. ಸುಮ್ನೆ ಆಡ್ಕೊಂಡೆ."

ನನಗೆ ಹೇಳಿದರು. ಕೇಳಬೇಕಾದವರು ಇಲ್ಲ.