ಪ್ರದಕ್ಷಿಣೆ ಬಾರದ ಡಿಎನ್‌ಎ ಅವರಿಗೆ

ಮಾನ್ಯ ಡಿಆಕ್ಸಿರೈಬೋನ್ಯೂಕ್ಲಿಯಿಕ್ ಆಮ್ಲದವರೇ,

ಜಯನಗರದಿಂದ ತಮಗೆ ಸಾಷ್ಟಾಂಗ ನಮಸ್ಕಾರಗಳು. ತಾವು ನನ್ನ ಮೈಯ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಬಿಡಾರ ಹೂಡಿರುವುದರಿಂದ ಈ ಪತ್ರಕ್ಕೆ ಅಂಚೆಚೀಟಿ ಅಂಟಿಸುವ ಅಗತ್ಯ ಕಾಣಲಿಲ್ಲ. ಬರೆಯುತ್ತಿರುವ ಬೆರಳಿನಲ್ಲೇ ತಾವಿರುವಾಗ, ಪತ್ರ ತಲುಪಲಿಲ್ಲ ಎಂಬ ನೆಪವನ್ನು ತಾವು ಹೇಳಲಾರಿರಿ ಎಂದು ನಂಬಿದ್ದೇನೆ. ಇಲ್ಲಿ ಎಲ್ಲರೂ ಕ್ಷೇಮ. ತಮ್ಮ ಕ್ಷೇಮದ ಬಗ್ಗೆ ವಿಚಾರಿಸುವುದಿಲ್ಲ, ಏಕೆಂದರೆ ತಮಗೇನಾದರೂ ಆಗಿದ್ದರೆ ನಮಗೆ ತಿಳಿಯದೆ ಇರುವುದಿಲ್ಲ.

ಮೊದಲಿಗೇ ಹೇಳಿಬಿಡುತ್ತೇನೆ, ತಮ್ಮ ರಚನೆಯ ಬಗ್ಗೆ ನನಗೆ ಗೌರವವಿದೆ. ಹೆಣ್ಣುಮಕ್ಕಳ ಪಿಯು ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡಿಕೊಂಡು, ಬಿಡುವಿನಲ್ಲಿ ಒಂದೆರಡು ಪದ್ಯ ಓದಿಕೊಂಡಿರುವ ನನ್ನಂಥವಳಿಗೆ ತಾವು ಒಂದು ಒಳ್ಳೆಯ ದ್ವಿಪದಿಯ ಹಾಗೆಯೇ ಕಾಣುತ್ತೀರಿ: ಎರಡು ಎಳೆ, ಎರಡೂ ಎದುರುಬದುರು ದಿಕ್ಕಿನವು, ಹೊರಗಡೆ ಸಕ್ಕರೆ ಮತ್ತು ಫಾಸ್ಫೇಟಿನ ಸರಪಳಿ, ಒಳಗಡೆ ಮೆಟ್ಟಿಲು ಮೆಟ್ಟಿಲಿಗೂ ಅಡೆನಿನ್‌ಗೆ ಥೈಮಿನ್, ಗ್ವಾನಿನ್‌ಗೆ ಸೈಟೊಸಿನ್ ಎಂದು ತಪ್ಪದ ಪ್ರಾಸ, ಹೀಗಾಗಿ ಒಂದು ಸಾಲು ಗೊತ್ತಿದ್ದವರು ಇನ್ನೊಂದನ್ನು ಕಣ್ಣುಮುಚ್ಚಿ ಬರೆದುಬಿಡಬಹುದು. ನೀರಿನಲ್ಲಿಟ್ಟು ಕುದಿಯುವ ಹತ್ತಿರಕ್ಕೆ ಕಾಯಿಸಿದರೆ ತಮ್ಮ ಎಳೆಗಳೆರಡೂ ಬೇರೆಯಾಗುತ್ತವೆ, ನಿಜ. ಆದರೆ ಸಾವಕಾಶವಾಗಿ ಆರಲು ಬಿಟ್ಟರೆ ಮುನಿಸು ಮರೆತು, ಅಷ್ಟೊಂದು ಗುಂಪಿನಲ್ಲೂ ತಂತಮ್ಮ ಜೊತೆಯನ್ನೇ ಹುಡುಕಿಕೊಂಡು ಕೂಡಿಕೊಳ್ಳುತ್ತವೆ. ನಮ್ಮ ಬೀದಿಯ ಎಷ್ಟೋ ದಂಪತಿಗಳಿಗೆ ಬಾರದ ವಿದ್ಯೆ ಇದು.

ನನ್ನ ದೂರು ಇರುವುದು ತಾವು ಸುತ್ತಿಕೊಳ್ಳುವ ದಿಕ್ಕಿನ ಬಗ್ಗೆ.

ಬಲಗೈ ಹೆಬ್ಬೆರಳನ್ನು ಮೇಲಕ್ಕೆತ್ತಿ ಉಳಿದ ಬೆರಳುಗಳನ್ನು ಮಡಿಚಿದರೆ, ಆ ಬೆರಳುಗಳು ಹೇಗೆ ಸುತ್ತುತ್ತವೋ ಹಾಗೆಯೇ ಸುತ್ತುತ್ತಾ ತಾವು ಮೇಲೇರುತ್ತೀರಿ. ಆದ್ದರಿಂದ ತಮಗೆ ಬಲಗೈ ಸುರುಳಿ ಎಂದು ಹೆಸರು. ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಆ ಹೆಬ್ಬೆರಳನ್ನೇ ದೇವರ ಮುಂದಿನ ಕಂಬವೆಂದುಕೊಂಡು ಮೇಲಿನಿಂದ ಬಗ್ಗಿ ನೋಡಿ: ಬೆರಳುಗಳು ಅದಕ್ಕೆ ಅಪ್ರದಕ್ಷಿಣೆ ಹಾಕುತ್ತಿರುತ್ತವೆ. ಬನಶಂಕರಿಯಿಂದ ಬೇಗೂರಿನವರೆಗೆ ಇಷ್ಟು ದೇವಸ್ಥಾನಗಳಿರುವ ಪ್ರಾಂತ್ಯದಲ್ಲಿ, ಭಕ್ತಾದಿಗಳ ಮೈಯೊಳಗೇ ಕೂತು ಹೀಗೆ ಉಲ್ಟಾ ಹತ್ತುವುದು ತಮ್ಮಂಥ ಹಳೆಯ ಮನೆತನದವರಿಗೆ ಶೋಭೆಯೇ ಎಂದು ಕೇಳುತ್ತಿರುವುದು ನಾನಲ್ಲ, ನಮ್ಮ ಕಾಲೇಜಿನ ಆಡಳಿತ ಮಂಡಳಿಯ ಕಾರ್ಯದರ್ಶಿಗಳಾದ ಶ್ರೀ ಚಿದಾನಂದ್ ಅವರು.

ನಡೆದದ್ದನ್ನು ವಿವರವಾಗಿ ನಿವೇದಿಸಿಕೊಳ್ಳುತ್ತೇನೆ. ನಮ್ಮ ವಿಭಾಗದ ಮುಖ್ಯಸ್ಥೆ ಕಮಲಾದೇವಿ ಮೇಡಂ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅವರು ನನಗೂ ಪಾಠ ಹೇಳಿದವರು. ತಮ್ಮ ಸುತ್ತಿನ ಗೌರವ ಕಾಪಾಡಲು ಅವರಷ್ಟು ಹೋರಾಡಿದವರು ದಕ್ಷಿಣ ಬೆಂಗಳೂರಿನಲ್ಲಿ ಇನ್ನೊಬ್ಬರಿಲ್ಲ. ಯಾವ ಹುಡುಗಿಯ ಪುಸ್ತಕದಲ್ಲಾದರೂ ತಾವು ತಪ್ಪು ದಿಕ್ಕಿಗೆ ಸುತ್ತಿಕೊಂಡಿದ್ದರೆ ಕೆಂಪು ಶಾಯಿಯಲ್ಲಿ ಒಂದು ಹೆಬ್ಬೆರಳು ಬರೆದು ವಾಪಸು ಕೊಡುತ್ತಾರೆ. ಒಮ್ಮೆ ರಕ್ತಪರೀಕ್ಷೆಗೆಂದು ಲ್ಯಾಬೊಂದಕ್ಕೆ ಹೋದವರು ಅಲ್ಲಿನ ಬೋರ್ಡಿನಲ್ಲಿ ತಮ್ಮ ಚಿತ್ರ ನೋಡಿ, ಕೌಂಟರಿನ ಹುಡುಗಿಗೆ “ಏನಮ್ಮಾ, ಹೊರಗಡೆ ಡಿಎನ್‌ಎನೇ ಉಲ್ಟಾ ಸುತ್ತಿದೀರ, ಒಳಗಡೆ ನನ್ನ ಶುಗರ್ ಸರಿಯಾಗಿ ನೋಡ್ತೀರಾ?” ಎಂದು ಕೇಳಿ, ರಕ್ತ ಕೊಡದೆ ಎದ್ದು ಬಂದಿದ್ದರು.

ಇಂಥವರಿಗೆ ಬೀಳ್ಕೊಡುಗೆಯಾಗಿ ಶಾಲು, ಹಣ್ಣಿನ ಬುಟ್ಟಿ ಕೊಟ್ಟು ಕೈತೊಳೆದುಕೊಳ್ಳುವುದು ಬೇಡವೆಂದು ಹಳೆಯ ವಿದ್ಯಾರ್ಥಿನಿಯರೆಲ್ಲ ಸೇರಿ, ಕಾಲೇಜಿನ ಅಂಗಳದಲ್ಲಿ ತಮ್ಮದೊಂದು ಆಳೆತ್ತರದ ಉಕ್ಕಿನ ಪ್ರತಿಮೆ ನಿಲ್ಲಿಸುವುದು, ಅದನ್ನು ಶುಕ್ರವಾರ ಮೇಡಂ ಕೈಯಿಂದಲೇ ಉದ್ಘಾಟಿಸುವುದು ಎಂದು ತೀರ್ಮಾನಿಸಿದೆವು. ಸಮಿತಿಯ ಸಂಚಾಲಕಿ ನಾನು. ಚಿತ್ರ ಬರೆದುಕೊಟ್ಟವಳು ನಾನು. ಸುಬ್ರಹ್ಮಣ್ಯಪುರದ ಕಡೆ ವೆಲ್ಡಿಂಗ್ ಶೆಡ್ ಇಟ್ಟುಕೊಂಡಿರುವ ಹಣಮಪ್ಪನವರಿಗೆ ಕೆಲಸ ಒಪ್ಪಿಸಿ, ಇನ್ನು ಚಿಂತೆಯಿಲ್ಲವೆಂದು ಮನೆಗೆ ಬಂದು ಕಾಫಿ ಕುಡಿದವಳೂ ನಾನೇ.

ಪ್ರತಿಮೆ ಬಂದು ನಿಂತಾಗ ಅದು ಎಡಗೈ ಸುರುಳಿಯಾಗಿತ್ತು.

ಚಿದಾನಂದ್ ಅವರು ಒಳ್ಳೆಯ ಮನುಷ್ಯರು, ನೀರಿನ ಟ್ಯಾಂಕನ್ನೂ ದಿಕ್ಕು ನೋಡದೆ ಇಡಿಸಿದವರಲ್ಲ. ಅವರು ಬಹಳ ಸಮಾಧಾನದಿಂದ ನನಗೆ ವಿವರಿಸಿದರು: “ಮೇಡಂ, ನಿಮ್ ಚಿತ್ರ ವಾಸ್ತು ನೋಡೋರಿಗೆ ತೋರಿಸ್ದೆ. ಮೆಟ್ಲು ಹತ್ತೋವಾಗ ಪ್ರದಕ್ಷಿಣೆ ಬರ್ಬೇಕು, ಇದ್ರಲ್ಲಿ ಅಪ್ರದಕ್ಷಿಣೆ ಆಗೋಗಿದೆ ಅಂದ್ರು. ಹೆಣ್ಮಕ್ಳು ಓದೋ ಜಾಗ ನೋಡಿ, ನಿಮಗ್ಯಾಕೆ ತೊಂದ್ರೆ ಅಂತ ನಾನೇ ಹಣಮಪ್ಪಂಗೆ ಫೋನ್ ಮಾಡಿ ಸರಿಮಾಡಿಸ್ಬಿಟ್ಟೆ.” ಮೆಟ್ಟಿಲುಗಳ ಸಂಖ್ಯೆ ಬೆಸವಾಗಿರಬೇಕೆಂದೂ ಅಪ್ಪಣೆಯಾಗಿತ್ತಂತೆ, ತಾವು ಒಂದು ಸುತ್ತಿಗೆ ಸುಮಾರು ಹತ್ತೂವರೆ ಮೆಟ್ಟಿಲು ಇಟ್ಟುಕೊಂಡಿರುವುದು ಬೆಸವೂ ಅಲ್ಲದೆ ಸಮವೂ ಅಲ್ಲದೆ ಹೋಗಿ, ಆ ಒಂದು ವಿಷಯದಲ್ಲಿ ಮಾತ್ರ ವಾಸ್ತುಶಾಸ್ತ್ರ ತಮ್ಮೆದುರು ಕೈಚೆಲ್ಲಿತು. ನಿಜವಾದ ಡಿಎನ್‌ಎ ಹೀಗಿರುವುದಿಲ್ಲ ಸಾರ್ ಎಂದು ನಾನು ಕೈಮುಗಿದು ಹೇಳಿದ್ದಕ್ಕೆ ಅವರು ನಕ್ಕು, “ಇದು ಕಬ್ಬಿಣದ್ದು ತಾನೇ ಮೇಡಂ? ಮೈಯೊಳಗಿರೋದು ಸರಿಯಾಗಿದ್ರೆ ಆಯ್ತು ಬಿಡಿ” ಎಂದರು.

ನನ್ನ ಮುಖ ನೋಡಿ ಅವರಿಗೂ ಕನಿಕರವಾಗಿರಬೇಕು. ತಲೆಕೆಳಗು ಮಾಡಿ ನಿಲ್ಲಿಸಿದರೆ ನಿಮ್ಮದೂ ಸರಿಯಾಗುತ್ತದೆ, ನಮ್ಮದೂ ನಡೆಯುತ್ತದೆ ಎಂದು ರಾಜಿ ಸೂಚಿಸಿದರು. ತಲೆಕೆಳಗಾದರೂ ಸುರುಳಿಯ ಕೈ ಬದಲಾಗುವುದಿಲ್ಲ ಎಂದರೆ ನಂಬುವವರಿಲ್ಲ. ಚೈನ್ ಪುಲ್ಲಿ ತರಿಸಿ, ಹಣಮಪ್ಪನವರು ಬೆವರು ಸುರಿಸಿ ಅದನ್ನು ಬುಡಮೇಲು ಮಾಡಿ ನಿಲ್ಲಿಸಿದ ಮೇಲೆ ಎಲ್ಲರೂ ಕತ್ತು ಓರೆ ಮಾಡಿಕೊಂಡು ನೋಡುತ್ತಾ ನಿಂತರು. “ಮೇಡಮ್ಮಾರ, ಇದು ಮೊದಲಿನಂಗಽ ಐತಲ್ರೀ!” ಎಂದು ಹಣಮಪ್ಪನವರು ಉದ್ಗರಿಸಿದ್ದು ಪಕ್ಕದ ಬಸ್‌ಸ್ಟಾಪಿಗೂ ಕೇಳಿಸಿತು. ಕಾರ್ಯದರ್ಶಿಗಳು ಮಾತ್ರ, ಇದರಲ್ಲಿ ಏನೋ ದೈವಸಂಕಲ್ಪವಿದೆ ಎಂದು ಹೇಳಿ ಟಾರ್ಪಾಲು ಹೊದಿಸಿ ಹೊರಟರು.

ಮಾನ್ಯರೇ, ಆ ಟಾರ್ಪಾಲಿನ ಕೆಳಗೆ ಏನಿದೆಯೆಂದು ಕಮಲಾದೇವಿ ಮೇಡಂ ಅವರಿಗೆ ಇನ್ನೂ ತಿಳಿಯದು. ಜೀವಮಾನವಿಡೀ ತಿದ್ದಿದ ತಪ್ಪನ್ನು ಅವರು ತಮ್ಮ ಸೇವೆಯ ಕಡೆಯ ದಿನ ಕೈಯಾರೆ ಪರದೆ ಸರಿಸಿ ಉದ್ಘಾಟಿಸಬೇಕು. ಕಂಡೂ ಸುಮ್ಮನಿದ್ದರೆ ಅವರು ಅವರಲ್ಲ. ಬಾಯಿಬಿಟ್ಟರೆ ಆ ದಿನದ ಒಬ್ಬಟ್ಟು ಯಾರ ಗಂಟಲಲ್ಲೂ ಇಳಿಯುವುದಿಲ್ಲ. ಆದ್ದರಿಂದ ಕಾರ್ಯದರ್ಶಿಗಳಿಗಿಂತ ತಾವೇ ಹೆಚ್ಚು ಹೊಂದಿಕೊಳ್ಳುವ ಸ್ವಭಾವದವರೆಂದು ಭಾವಿಸಿ, ಶುಕ್ರವಾರ ಬೆಳಗಿನೊಳಗೆ ಚಪ್ಪರದವರೆಯಿಂದ ಹಿಡಿದು ಯಡಿಯೂರು ಕೆರೆಯ ಕಪ್ಪೆಯವರೆಗೆ ಸಮಸ್ತ ಜೀವಿಗಳಲ್ಲೂ ತಾವು ಎಡಗೈ ಸುರುಳಿಯಾಗಿ ತಿರುಗಿಕೊಳ್ಳಬೇಕೆಂದು ಕೋರುತ್ತೇನೆ. ಇದು ತಮ್ಮಿಂದಾಗದ ಕೆಲಸವಲ್ಲ. ತಮ್ಮೊಳಗಿನ ಸಕ್ಕರೆಯೇ ತಮ್ಮನ್ನು ಹೀಗೆ ಬಲಗೈಯವರನ್ನಾಗಿ ಮಾಡಿದೆಯೆಂದೂ, ಉಪ್ಪು ತೀರಾ ಹೆಚ್ಚಾದ ನೀರಿನಲ್ಲಿ ತಮ್ಮ ಕೆಲವು ತುಣುಕುಗಳು ಅಂಕುಡೊಂಕಾಗಿ ಎಡಗೈಗೆ ತಿರುಗುವುದುಂಟೆಂದೂ ಬಲ್ಲೆ. ಅಗತ್ಯವಿರುವ ಉಪ್ಪನ್ನು ಸಮಿತಿಯ ವತಿಯಿಂದಲೇ ಒದಗಿಸಲಾಗುವುದು. ಇಡೀ ಜಗತ್ತು ಕಷ್ಟವೆನಿಸಿದರೆ ಜಯನಗರದ ವ್ಯಾಪ್ತಿಯಲ್ಲಿ, ಕಾರ್ಯಕ್ರಮ ಮುಗಿಯುವವರೆಗಾದರೂ ಸಾಕು.

ತಮ್ಮ ಬಂಧು ಆರ್‌ಎನ್‌ಎ ಅವರ ಮೂಲಕ ಶಿಫಾರಸು ಮಾಡಿಸಬಹುದೇ ಎಂದೂ ಯೋಚಿಸಿದೆ. ಅವರು ಸಾಮಾನ್ಯವಾಗಿ ಒಂಟಿ ಎಳೆಯವರು, ಥೈಮಿನ್ ಇಲ್ಲದಿದ್ದರೆ ಯುರಾಸಿಲ್‌ನಲ್ಲೇ ಸಂಸಾರ ಸಾಗಿಸುವವರು, ಸಕ್ಕರೆಯಲ್ಲಿ ಒಂದು ಆಮ್ಲಜನಕ ಹೆಚ್ಚಿಟ್ಟುಕೊಂಡ ತಪ್ಪಿಗೆ ಬೇಗ ಮುರಿದುಬೀಳುವವರು. ಅವರಲ್ಲಿ ಅನೇಕರು ತಂದ ಸುದ್ದಿ ಮುಟ್ಟಿಸಿ, ಹೆಚ್ಚು ಹೊತ್ತು ಕೂರದೆ ಹೋಗಿಬಿಡುತ್ತಾರೆ. ನಮ್ಮ ಆಡಳಿತ ಮಂಡಳಿಯ ಸದಸ್ಯರು ಅವರಿಂದ ಕಲಿಯಬೇಕಾದ್ದು ಬಹಳವಿದೆ. ಆದರೆ ವಿಚಾರಿಸಿ ನೋಡಿದರೆ ಅವರೂ ತಮ್ಮ ಮೇಲೆ ತಾವೇ ಮಡಿಚಿಕೊಂಡು ಜೋಡಿಯಾದ ಕಡೆಯಲ್ಲೆಲ್ಲ ಬಲಗೈ ಸುರುಳಿಯೇ. ಇಡೀ ಕುಟುಂಬವೇ ಹೀಗಿರುವಾಗ ಯಾರ ಹತ್ತಿರ ಹೇಳಿಕೊಳ್ಳುವುದು?

ಇಲ್ಲಿಯವರೆಗೆ ಬರೆಯುವಷ್ಟರಲ್ಲಿ ಮೋಡ ಕವಿದದ್ದರಿಂದ ಪತ್ರವನ್ನು ಅರ್ಧಕ್ಕೇ ಬಿಟ್ಟು ತಾರಸಿಯ ಮೇಲಿನ ಬಟ್ಟೆ ತರಲು ಓಡಿದೆ. ಮತ್ತೆ ಕೈಗೆತ್ತಿಕೊಳ್ಳಲು ತಿಂಗಳೇ ಹಿಡಿಯಿತು, ಕ್ಷಮೆಯಿರಲಿ. ನಮ್ಮದು ಹಳೆಯ ಮನೆ, ತಾರಸಿಗೆ ಹಿತ್ತಲಿನಿಂದ ಕಬ್ಬಿಣದ ಸುರುಳಿ ಮೆಟ್ಟಿಲು, ಅದೂ ತಮ್ಮಂತೆಯೇ ಬಲಗೈಯದು. ಬಟ್ಟೆಯ ಹೊರೆಯನ್ನು ಎಡತೋಳಿಗೆ ಹಾಕಿಕೊಂಡು, ಬಲಗೈಯಲ್ಲಿ ನಡುಗಂಬವನ್ನು ಸವರುತ್ತಾ ಇಳಿಯುತ್ತಿದ್ದವಳು ಅರ್ಧದಲ್ಲೇ ನಿಂತುಬಿಟ್ಟೆ. ಗುಡಿ ಸುತ್ತುವಾಗ ಗೋಡೆ ಯಾವ ಕೈಗೆ ತಾಕುತ್ತದೋ ಅದೇ ಕೈಗೆ ಕಂಬ ತಾಕುತ್ತಿತ್ತು. ಹತ್ತುವಾಗ ಅಪ್ರದಕ್ಷಿಣೆಯಾಗಿದ್ದ ಮೆಟ್ಟಿಲು ಇಳಿಯುವಾಗ ಪ್ರದಕ್ಷಿಣೆಯಾಗಿತ್ತು. ಇಷ್ಟು ವರ್ಷ ದಿನವೂ ಹತ್ತಿ ಇಳಿದಿದ್ದೇನೆ. ಮಳೆಹನಿ ತಲೆಯ ಮೇಲೆ ಬೀಳುವವರೆಗೂ ಅಲ್ಲೇ ನಿಂತಿದ್ದೆ.

ಮರುದಿನ ಬೆಳಿಗ್ಗೆಯೇ ಕಾರ್ಯದರ್ಶಿಗಳ ಕೊಠಡಿಗೆ ಹೋಗಿ, ಈ ಮೆಟ್ಟಿಲನ್ನು ಹತ್ತುವವರು ಯಾರು ಸಾರ್ ಎಂದು ವಿನಯದಿಂದ ಕೇಳಿದೆ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ಇದು ಇಳಿದು ಬರುವಂಥದ್ದು, ಮಗಳಿಂದ ಅಜ್ಜಿಗೆ ಹತ್ತಿ ಹೋದದ್ದನ್ನು ಯಾರೂ ಕಂಡಿಲ್ಲ, ಗಂಗೆಯ ಹಾಗೆ ವಂಶವೂ ಇಳಿಯುವುದೇ ಎಂದು ಹೇಳಿ, ನನ್ನ ಹಳೆಯ ಚಿತ್ರವನ್ನು ಮುಂದಿಟ್ಟು ಮೇಲಿನಿಂದ ಕೆಳಕ್ಕೆ ಬೆರಳಾಡಿಸಲು ಕೋರಿದೆ. ಅವರು ಬೆರಳಾಡಿಸಿದರು. ನಂಬಿಕೆಯಾಗದೆ ಎದ್ದು ತಮ್ಮ ಕುರ್ಚಿಯ ಸುತ್ತ, ಮೊಣಕಾಲು ಸ್ವಲ್ಪ ಸ್ವಲ್ಪವೇ ಬಗ್ಗಿಸುತ್ತಾ, ಒಂದು ಸುತ್ತು ಬಂದರು. “ಅಂದ್ರೆ ಮೇಡಂ... ನಾನು ಮಾಡಿಸಿರೋದ್ರಲ್ಲಿ ವಂಶ ಅಪ್ರದಕ್ಷಿಣೆ ಇಳಿತಾ ಇದೆಯಾ?” ಎಂದವರ ಮುಖ ಬಿಳುಚಿಕೊಂಡಿತ್ತು. ಹೌದೆನ್ನಲು ನನಗೆ ತುಸುವೂ ಸಂಕೋಚವಾಗಲಿಲ್ಲ. ಕೂಡಲೇ ಫೋನೆತ್ತಿ, “ಹಣಮಪ್ಪಾ, ಮೊದ್ಲು ಅದನ್ನ ಬಿಚ್ಚು ಮಾರಾಯ!” ಎಂದರು. ಸುತ್ತು ಬಿಚ್ಚಿ ಸುತ್ತಲು ಇದು ಶಾವಿಗೆಯಲ್ಲ, ಹೊಸದನ್ನೇ ಮಾಡಬೇಕು ಎಂದು ಆ ಕಡೆಯಿಂದ ಉತ್ತರ ಬಂದಿರಬೇಕು. ಏನಾದರೂ ಮಾಡು, ಶುಕ್ರವಾರದೊಳಗೆ ಮಾಡು ಎಂದು ಫೋನಿಟ್ಟರು.

ಹೀಗೆ ತಾವು ಗೆದ್ದಿರಿ, ಅಭಿನಂದನೆಗಳು. ಆದರೆ ಈ ಗೆಲುವಿನಲ್ಲಿ ನನ್ನದೊಂದು ಕೊರಗು ಉಳಿದಿದೆ. ಸರಿಯಾದದ್ದನ್ನು ಸರಿಯೆಂಬ ಕಾರಣಕ್ಕೇ ಒಪ್ಪಿಸಲು ನನ್ನಿಂದಾಗಲಿಲ್ಲ, ಅದಕ್ಕೊಂದು ಜರಿಯಂಚಿನ ಶಾಲು ಹೊದಿಸಿ ಕರೆತರಬೇಕಾಯಿತು. ಕಮಲಾದೇವಿ ಮೇಡಂ ಆಗಿದ್ದರೆ ಹಾಗೆ ಮಾಡುತ್ತಿರಲಿಲ್ಲ, ರಕ್ತ ಕೊಡದೆ ಎದ್ದು ಬರುತ್ತಿದ್ದರು.

ಶುಕ್ರವಾರ ಅವರು ಪರದೆ ಸರಿಸಿದರು. ಒಂದು ಕ್ಷಣ ಕನ್ನಡಕ ಸರಿಮಾಡಿಕೊಂಡು ನೋಡಿದರು. ಭಾಷಣ ಮಾಡುತ್ತಾರೆಂದು ನಾವೆಲ್ಲ ಕಾಯುತ್ತಿದ್ದರೆ ಅವರು ತಮ್ಮ ಬಲಗೈ ಮುಂದೆ ಚಾಚಿ, ಬೆರಳು ಮಡಿಚಿ, ಹೆಬ್ಬೆರಳನ್ನು ಮೇಲಕ್ಕೆತ್ತಿದರು, ಅಷ್ಟೆ. ಅಂಗಳದ ತುಂಬ ನಿಂತಿದ್ದ ಹುಡುಗಿಯರೂ, ಹಿಂದೆ ರೇಷ್ಮೆಸೀರೆಯಲ್ಲಿ ನಿಂತಿದ್ದ ಅವರ ಅಮ್ಮಂದಿರ ವಯಸ್ಸಿನ ಹಳೆಯ ಹುಡುಗಿಯರೂ ಯಾರೂ ಹೇಳದೆಯೇ ಒಟ್ಟಿಗೆ ಹೆಬ್ಬೆರಳೆತ್ತಿದರು. ಕಾರ್ಯದರ್ಶಿಗಳು ಅದನ್ನು ತಮಗೆ ಸಂದ ಪ್ರಶಂಸೆಯೆಂದು ಭಾವಿಸಿ ಕೈಮುಗಿದರು. ಊಟದ ಪಂಕ್ತಿಯಲ್ಲಿ ಮೇಡಂ ನನ್ನ ಪಕ್ಕ ಕೂತು, ಚಿದಾನಂದ್ ಹೇಗೆ ಒಪ್ಪಿದರೆಂದು ಕೇಳಿ, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, “ಅಲ್ವೇ, ನೀನು ಪಾಠ ಮಾಡಿದ್ಯೋ, ಪೂಜೆ ಮಾಡಿಸಿದ್ಯೋ?” ಎಂದರು. ನಾನು ತಲೆತಗ್ಗಿಸಿದೆ. ಅವರು ನನ್ನೆಲೆಯ ಒಬ್ಬಟ್ಟಿಗೆ ತಾವೇ ಒಂದು ಚಮಚ ತುಪ್ಪ ಹಾಕಿ, “ಇರ್ಲಿ ತಿನ್ನು. ಸುತ್ತು ಸರಿಯಾಗಿದೆ,” ಎಂದರು.

ಆದ್ದರಿಂದ ಎಡಕ್ಕೆ ತಿರುಗಬೇಕೆಂಬ ನನ್ನ ಕೋರಿಕೆಯನ್ನು ಈ ಮೂಲಕ ಹಿಂತೆಗೆದುಕೊಳ್ಳುತ್ತಿದ್ದೇನೆ. ಉಪ್ಪನ್ನು ಉಪ್ಪಿನಕಾಯಿಗೆ ಬಳಸಲಾಗಿದೆ. ತಾವು ಈಗಿರುವಂತೆಯೇ, ಯಾರ ಅಪ್ಪಣೆಗೂ ಕಾಯದೆ, ಇಳಿದು ಬರುತ್ತಿರಿ.

ಹೆಬ್ಬೆರಳಿನಿಂದ ಹಿಡಿದು ತಲೆಗೂದಲಿನ ಬುಡದವರೆಗೂ
ತಮ್ಮ ವಿಶ್ವಾಸಿ,
ಚೂಡಾಮಣಿ

ತಾ.ಕ.: ಬೇಡವಾದ ಎಡಗೈ ಪ್ರತಿಮೆಯನ್ನು ಬಿಸಾಡಲು ಮನಸ್ಸಾಗದೆ ಕಾರ್ಯದರ್ಶಿಗಳು ಜೆ.ಪಿ. ನಗರದ ತಮ್ಮ ಮನೆಗೆ ಸಾಗಿಸಿ, ಹಿತ್ತಲಲ್ಲಿ ನೆಟ್ಟು, ಅದರ ಬುಡಕ್ಕೆ ಚಪ್ಪರದವರೆ ಹಾಕಿದ್ದಾರೆ. ಮೊನ್ನೆ ಕಾಫಿಗೆ ಕರೆದಿದ್ದರೆಂದು ಹೋಗಿ ನೋಡಿಬಂದೆ. ಬಳ್ಳಿ ಸೊಂಪಾಗಿ ಎದ್ದಿದೆ, ಆದರೆ ಪ್ರತಿಮೆಯ ಸುತ್ತನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಅದನ್ನು ಅಡ್ಡಡ್ಡ ದಾಟಿಕೊಂಡು, ತನ್ನ ಪಾಡಿಗೆ ತಾನು ಬಲಗೈ ಸುರುಳಿಯಾಗಿ, ಹಾಡಹಗಲೇ ಅಪ್ರದಕ್ಷಿಣೆ ಹತ್ತುತ್ತಿದೆ. ಕಾರ್ಯದರ್ಶಿಗಳು ದಿನವೂ ಬೆಳಿಗ್ಗೆ ಅದನ್ನು ಬಿಡಿಸಿ ಪ್ರದಕ್ಷಿಣೆಯಾಗಿ ಸುತ್ತುತ್ತಾರಂತೆ, ಸಂಜೆಯ ಹೊತ್ತಿಗೆ ಅದು ಮತ್ತೆ ತನ್ನ ದಾರಿ ಹಿಡಿದಿರುತ್ತದಂತೆ. ಇದು ತಮ್ಮದೇ ಚಿತಾವಣೆಯಾಗಿದ್ದಲ್ಲಿ ದಯವಿಟ್ಟು ಮುಂದುವರಿಸಿ.